ಬಾತುಕೋಳಿಯ ಗೂಢವ್ಯಾಧಿ

ಶಾಸನಪಾಠ, ಗ್ರಂಥಸಂಪಾದನೆ, ಛಂದೋವಿಚಾರ ಮೊದಲಾದ ವಿಷಯಗಳಿಗೆ ಮೀಸಲಾದ ಈ ಪುಟಗಳಲ್ಲಿ ಒಂದು ಬಾತುಕೋಳಿಯ ರೋಗವನ್ನು ಕುರಿತು ಲೇಖನ ಬರೆಯುವುದು ಕೆಲವು ಮಂದಿ ವಾಚಕರಿಗೆ ವಿಚಿತ್ರವಾಗಿ ತೋರಬಹುದು. ಬರೆಯುತ್ತಿರುವವನು ವೈದ್ಯನಲ್ಲ, ಪಶುವೈದ್ಯನಂತೂ ಅಲ್ಲವೇ ಅಲ್ಲ. ತರ್ಕವ್ಯಾಕರಣಗಳನ್ನು ಸಂಸ್ಕೃತ ಪಾಠಶಾಲೆಯಲ್ಲಿ ಓದಿ, ಅವನ್ನೇ ಹತ್ತು ಮಂದಿಗೆ ಹೇಳಿಕೊಡುತ್ತ ಐವತ್ತೆಂಟರ ವಯಸ್ಸಿಗೆ ಬಂದವನು. ಆದರೆ ಕಳೆದ ವೈಶಾಖಮಾಸದಲ್ಲಿ ನಮ್ಮ ಮನೆಯ ಬಾತಿಗೆ ಬಂದ ಕಾಯಿಲೆಯ ಕಾರಣವನ್ನು ಹುಡುಕುತ್ತ ಹೋದಾಗ, ಕಾರ್ಯಕಾರಣಭಾವವೆಂದು ಮೂವತ್ತು ವರ್ಷ ನಾನು ಪಾಠ ಹೇಳಿದ ಮಾತುಗಳು ನನಗೇ ಎಷ್ಟರಮಟ್ಟಿಗೆ ತಿಳಿದಿದ್ದುವೆಂಬುದು ಪರೀಕ್ಷೆಗೆ ಬಂದಿತು. ಆ ಪರೀಕ್ಷೆಯಲ್ಲಿ ಮೊದಲ ದಿನವೇ ನಾನು ತಪ್ಪಿದುದನ್ನೂ ಮುಚ್ಚಿಡದೆ ಇಲ್ಲಿ ಬರೆದಿದ್ದೇನೆ.

ನಮ್ಮಲ್ಲಿ ಪ್ರಾಣಿವೈದ್ಯದ ಗ್ರಂಥಗಳಿಗೆ ಕೊರತೆಯಿಲ್ಲ. ಆನೆಗೆ ಪಾಲಕಾಪ್ಯನ ಹಸ್ತ್ಯಾಯುರ್ವೇದವುಂಟು. ಕುದುರೆಗೆ ಶಾಲಿಹೋತ್ರನ ಹೆಸರಿನಲ್ಲಿ ನಡೆದುಬಂದ ಶಾಸ್ತ್ರವುಂಟು. ದನಗಳಿಗೆ ಕನ್ನಡದಲ್ಲಿಯೇ ಕಲ್ಯಾಣದ ಚಾಲುಕ್ಯರ ವಂಶದ ಕೀರ್ತಿವರ್ಮನು ರಚಿಸಿದ ಗೋವೈದ್ಯವುಂಟು. ಪಕ್ಷಿಗಳ ವಿಷಯಕ್ಕೆ ಬಂದರೆ ಕುಮಾವೂನಿನ ರುದ್ರದೇವನ ಶ್ಯೈನಿಕಶಾಸ್ತ್ರವನ್ನು ಹೇಳಬೇಕು. ೧೯೧೦ರಲ್ಲಿ ಹರಪ್ರಸಾದಶಾಸ್ತ್ರಿಗಳು ಅಚ್ಚುಮಾಡಿಸಿದ ಆ ಗ್ರಂಥದಲ್ಲಿ ಬೇಟೆಯ ಡೇಗೆಗಳ ಪಾಲನೆಯೂ ಚಿಕಿತ್ಸೆಯೂ ವಿವರವಾಗಿವೆ. ಒಂದು ಪ್ರಾಣಿಯ ಆರೋಗ್ಯದಿಂದ ರಾಜನಿಗೋ ಕೃಷಿಕನಿಗೋ ಎಷ್ಟು ಪ್ರಯೋಜನವೋ ಅಷ್ಟೇ ಶಾಸ್ತ್ರ ಬೆಳೆದಿರುವುದು ಸಹಜವೇ ಆಗಿದೆ. ಬಾತಿಗೆ ಆ ಭಾಗ್ಯವಿರಲಿಲ್ಲ. ಕವಿಗಳು ಹೊಗಳಿದ ಹಂಸವು ಬಾತಲ್ಲ, ಅದು ಹೆಬ್ಬಾತಿನ ಜಾತಿಯದು; ಚಕ್ರವಾಕಕ್ಕೆ ವಿರಹವರ್ಣನೆ ದೊರೆಯಿತು; ಮನೆಯ ಹಿತ್ತಲಲ್ಲಿ ಕೆಸರು ಕೆದಕುವ ಬಾತಿಗೆ ಕಾವ್ಯವೂ ಇಲ್ಲ, ವೈದ್ಯವೂ ಇಲ್ಲ.

ಮೈಸೂರಿಗೆ ಸಮೀಪದಲ್ಲಿರುವ ನಮ್ಮ ಮನೆಗೆ ಬಾತುಗಳು ಬಂದದ್ದು ಮಗಳ ಮಗಳ ಹಠದಿಂದ. ಮಡಿಮೈಲಿಗೆಯ ಮಾತೆತ್ತಿ ನನ್ನ ಧರ್ಮಪತ್ನಿ ಮೊದಲು ಬೇಡವೆಂದಳು. ತರುವಾಯ ಅವುಗಳಿಗೆ ಅಕ್ಕಿನುಚ್ಚು ಹಾಕುತ್ತಿದ್ದವಳೂ ಅವಳೇ. ಬಿಳಿಯದಕ್ಕೆ ಬೆಳ್ಳಿಯೆಂದೂ ಬೂದುಬಣ್ಣದ್ದಕ್ಕೆ ಬೂದಿಯೆಂದೂ ಏಳು ವರ್ಷದ ಆ ಮಗು ಹೆಸರಿಟ್ಟಿತು. ಎರಡೂ ಹೆಣ್ಣು. ವೈಶಾಖದ ಹೊತ್ತಿಗೆ ಬೂದಿಯು ಕೊಟ್ಟಿಗೆಯ ಮೂಲೆಯಲ್ಲಿ, ಗಂಡುಬಾತೇ ಇಲ್ಲದ ಮನೆಯಲ್ಲಿ, ಎಂದಿಗೂ ಒಡೆಯಲಾರದ ಒಂಬತ್ತು ಮೊಟ್ಟೆಗಳ ಮೇಲೆ ಕಾವು ಕುಳಿತಿದ್ದಳು. ಈ ನಿಷ್ಫಲವಾದ ತಪಸ್ಸನ್ನು ನಾವು ನಗುತ್ತ ನೋಡುತ್ತಿದ್ದೆವು. ಮುಂದೆ ಅದೇ ನಮ್ಮ ವಿಚಾರಕ್ಕೆ ಮುಖ್ಯ ಸಾಧನವಾಯಿತು.

ಒಂದು ಮುಂಜಾನೆ ಬೆಳ್ಳಿಯು ಗೂಡಿನಿಂದ ಹೊರಬಂದವಳು ನಾಲ್ಕು ಹೆಜ್ಜೆ ನಡೆದು ಕುಳಿತುಬಿಟ್ಟಳು. ಎಬ್ಬಿಸಿದರೆ ರೆಕ್ಕೆಗಳನ್ನು ಹುಟ್ಟುಗಳಂತೆ ನೆಲಕ್ಕೆ ಊರಿ ತೆವಳಿದಳು. ಮಧ್ಯಾಹ್ನದ ವೇಳೆಗೆ ರೆಕ್ಕೆಗಳೂ ಜೋತುಬಿದ್ದುವು. ಸಾಯಂಕಾಲಕ್ಕೆ ಕತ್ತು ನಿಲ್ಲದೆ, ಬಾಡಿದ ತಾವರೆಯ ದಂಟಿನಂತೆ ಮುಂದಕ್ಕೆ ಚಾಚಿ, ಕೊಕ್ಕು ಮಣ್ಣಿಗೆ ತಾಗಿತು. ಕಣ್ಣಿನ ಒಳಮೂಲೆಯಿಂದ ಪಕ್ಷಿಗಳಿಗಿರುವ ಮೂರನೆಯ ರೆಪ್ಪೆಯು ಅರ್ಧ ಎಳೆದುಕೊಂಡು ಹಾಗೆಯೇ ನಿಂತಿತ್ತು. ಗಾಯವಿಲ್ಲ, ಬಾವಿಲ್ಲ, ರಕ್ತವಿಲ್ಲ. ಹಿಂದಿನ ಸಂಜೆಯವರೆಗೆ ಚೆನ್ನಾಗಿ ಮೇಯುತ್ತಿದ್ದ ಪ್ರಾಣಿ. ವಿಶೇಷವೇನೆಂದರೆ ಮಗುವು "ಬೆಳ್ಳೀ" ಎಂದು ಕರೆದರೆ ಆ ಅರೆಮುಚ್ಚಿದ ಕಣ್ಣು ಮಗುವಿನ ಕಡೆಗೆ ತಿರುಗುತ್ತಿತ್ತು. ಸಂಜ್ಞೆ ಇದೆ, ಚೇಷ್ಟೆ ಇಲ್ಲ.

ಮನೆಗೆ ಬಂದವರು ಒಬ್ಬೊಬ್ಬರು ಒಂದೊಂದು ಹೇಳಿದರು. ದೃಷ್ಟಿಯಾಗಿದೆಯೆಂದು ಒಬ್ಬರು ಮೆಣಸಿನಕಾಯಿ ನಿವಾಳಿಸಿದರು. ಮೈ ಸುಡುತ್ತಿದೆ, ಜ್ವರವೆಂದು ಇನ್ನೊಬ್ಬರು ಹೇಳಿದರು. ಬಾತಿನ ದೇಹದ ಸ್ವಾಭಾವಿಕವಾದ ಉಷ್ಣವೇ ಸುಮಾರು ೪೧ರಿಂದ ೪೨ ಡಿಗ್ರಿ ಸೆಲ್ಸಿಯಸ್ಸಿನಷ್ಟಿರುವುದರಿಂದ, ಮನುಷ್ಯನ ಅಂಗೈಗೆ ಆರೋಗ್ಯವಂತ ಬಾತೂ ಜ್ವರದಲ್ಲಿರುವಂತೆಯೇ ತೋರುತ್ತದೆಂಬುದು ನಮಗಾರಿಗೂ ತಿಳಿದಿರಲಿಲ್ಲ. ದೂರವಾಣಿಯಲ್ಲಿ ಕೇಳಿದಾಗ ಪರಿಚಿತರೊಬ್ಬರು ಸುಣ್ಣದ ಸತ್ತ್ವ ಕಡಿಮೆಯಾಗಿದೆಯೆಂದರು. ನಾನಾದರೋ, ನೀರಿನ ಹಕ್ಕಿಗೆ ನೀರೇ ಔಷಧವೆಂದು ನಿಶ್ಚಯಿಸಿ, ದೊಡ್ಡ ಹಂಡೆಯಲ್ಲಿ ತಣ್ಣೀರು ತುಂಬಿ ಅದರಲ್ಲಿ ಬೆಳ್ಳಿಯನ್ನು ಬಿಟ್ಟೆನು. ದೇಹವು ತೇಲಿತು, ತಲೆ ತೇಲಲಿಲ್ಲ. ಕತ್ತು ಎತ್ತಲು ಶಕ್ತಿಯಿಲ್ಲದ ಪ್ರಾಣಿಯ ಮೂಗು ನೀರೊಳಗೆ ಹೋಯಿತು. ನಾನು ನೀರಿನ ಗುಣವನ್ನು ವರ್ಣಿಸುತ್ತ ನಿಂತಿದ್ದೆನು. "ತಾತ, ಅವಳು ಮುಳುಗುತ್ತಿದ್ದಾಳೆ" ಎಂದು ಕೂಗಿ ಎರಡು ಕೈಗಳಿಂದ ತಲೆಯನ್ನು ಎತ್ತಿಹಿಡಿದದ್ದು ಮಗು. ಈ ಕಾಯಿಲೆಯಲ್ಲಿ ಕೆರೆಗಳ ಮೇಲೆ ಸಾಯುವ ಬಾತುಗಳಲ್ಲಿ ಎಷ್ಟೋ ವಿಷದಿಂದ ಸಾಯದೆ ಹೀಗೆ ಮುಳುಗಿಯೇ ಸಾಯುತ್ತವೆಯೆಂದು ನಾನು ಓದಿದ್ದು ಆಮೇಲೆ.

ಆ ರಾತ್ರಿ ನಿದ್ದೆ ಬರಲಿಲ್ಲ. ಮಾಧವಕರನ ನಿದಾನಗ್ರಂಥವನ್ನು ತೆಗೆದೆನು. ರೋಗವನ್ನು ಅರಿಯಲು ಐದು ದ್ವಾರಗಳುಂಟೆಂದು ನಮ್ಮ ವೈದ್ಯರು ಹೇಳಿರುವರು: ಕಾರಣವಾದ ನಿದಾನ, ಮುಂಚೆ ತೋರುವ ಪೂರ್ವರೂಪ, ಬೆಳೆದ ರೋಗದ ರೂಪ, ಯಾವುದರಿಂದ ಶಮನವಾಗುವುದೋ ಆ ಉಪಶಯ, ರೋಗವು ದೇಹದಲ್ಲಿ ನಡೆದುಬಂದ ಕ್ರಮವಾದ ಸಂಪ್ರಾಪ್ತಿ. ಚಿಹ್ನೆಗಳು ಮರೆಯಾಗಿರುವ ವ್ಯಾಧಿಯನ್ನು ಗೂಢಲಿಂಗವೆಂದು ಕರೆದು, ಅದನ್ನು ಉಪಶಯ ಅನುಪಶಯಗಳಿಂದ, ಎಂದರೆ ಯಾವುದು ಹಿತವಾಯಿತು ಯಾವುದು ಅಹಿತವಾಯಿತೆಂಬುದರಿಂದ, ಪರೀಕ್ಷಿಸಬೇಕೆಂದು ಚರಕಸಂಹಿತೆಯ ಅಭಿಪ್ರಾಯ. ಪಕ್ಷಿಗಳ ವ್ಯಾಧಿಗಳೆಲ್ಲ ಒಂದರ್ಥದಲ್ಲಿ ಗೂಢಲಿಂಗಗಳೇ. ಹಿಂಡಿನಲ್ಲಿ ದುರ್ಬಲವಾಗಿ ಕಾಣುವ ಹಕ್ಕಿಯು ಹಿಂಸ್ರಪ್ರಾಣಿಗೆ ಮೊದಲು ಸಿಕ್ಕುವುದರಿಂದ, ನಿಲ್ಲಲು ಶಕ್ತಿಯಿರುವವರೆಗೆ ಅವು ರೋಗವನ್ನು ತೋರಗೊಡುವುದಿಲ್ಲ. ನಾವು ಪೂರ್ವರೂಪವೆಂದು ತಿಳಿದದ್ದು ಅನೇಕ ವೇಳೆ ಕೊನೆಯ ರೂಪವಾಗಿರುತ್ತದೆ.

ಮರುದಿನ ತಾಲ್ಲೂಕಿನ ಪಶುವೈದ್ಯಶಾಲೆಗೆ ಬೆಳ್ಳಿಯನ್ನು ಬುಟ್ಟಿಯಲ್ಲಿ ಕೊಂಡೊಯ್ದೆವು. ಬುಟ್ಟಿಯಿಂದ ಎತ್ತುವಾಗ ನಾನು ಎದೆಯನ್ನು ಬಿಗಿಯಾಗಿ ಹಿಡಿದಿದ್ದನ್ನು ಕಂಡು ಅಲ್ಲಿಯ ವೈದ್ಯೆಯು ಮೊದಲು ನನ್ನ ಕೈಯನ್ನು ಸಡಿಲಿಸಿದರು. ಹಕ್ಕಿಗಳಿಗೆ ನಮಗಿರುವಂಥ ವಪೆಯಿಲ್ಲ. ಎದೆಯ ಮೂಳೆ ಏರಿಳಿದರೆ ಮಾತ್ರ ಅವುಗಳಿಗೆ ಉಸಿರು. ಎದೆಯನ್ನು ಅಮುಕುವುದು ಕತ್ತನ್ನು ಹಿಸುಕಿದಂತೆಯೇ. ಅನಂತರ ಆಕೆ ಕೈಚೀಲಗಳನ್ನು ತೊಟ್ಟು, ಬೇರೆ ಹಕ್ಕಿಗಳು ಸತ್ತಿವೆಯೇ, ಊರಿನಲ್ಲಿ ಕಾಗೆ ಕೊಕ್ಕರೆಗಳು ಬಿದ್ದಿವೆಯೇ, ಬಾಯಿಂದ ಮೂಗಿನಿಂದ ಸ್ರಾವವುಂಟೇ ಎಂದು ಕೇಳಿದರು. ಇದು ವಿನಾಕಾರಣವಾದ ಪ್ರಶ್ನೆಯಲ್ಲ. ಹಕ್ಕಿಜ್ವರವು ಭಾರತದಲ್ಲಿ ಮೊದಲು ಪತ್ತೆಯಾದದ್ದು ೨೦೦೬ರಲ್ಲಿ ಮಹಾರಾಷ್ಟ್ರದ ನವಾಪುರದಲ್ಲಿ; ೨೦೧೪ರಲ್ಲಿ ಕೇರಳದ ಕುಟ್ಟನಾಡಿನಲ್ಲಿ ಬಾತುಗಳಿಗೇ ಬಂದಿತು. ಬಾತಿನ ಮಾರಿಯೆಂಬ ಇನ್ನೊಂದು ಸಾಂಕ್ರಾಮಿಕವು ೧೯೨೩ರಲ್ಲಿ ನೆದರ್ಲೆಂಡಿನಲ್ಲಿ ವರ್ಣಿತವಾಗಿ, ನಮ್ಮ ದೇಶದಲ್ಲಿ ೧೯೬೩ರಲ್ಲಿ ಪಶ್ಚಿಮ ಬಂಗಾಳದಿಂದ ವರದಿಯಾಯಿತು. ಅದಕ್ಕೆ ಲಸಿಕೆಯುಂಟು, ಬಂದ ಮೇಲೆ ಮದ್ದಿಲ್ಲ. ಇಂಥವುಗಳಲ್ಲಿ ಒಂದು ಹಕ್ಕಿ ಬಿದ್ದು ನಿಲ್ಲುವುದಿಲ್ಲ, ಹಿಂಡೇ ಬೀಳುತ್ತದೆ. ಆಗ ಮನೆಮದ್ದಿಗೆ ಕೈಹಾಕದೆ ಸರ್ಕಾರದ ಪಶುವೈದ್ಯ ಇಲಾಖೆಗೆ ತಿಳಿಸುವುದೇ ಕರ್ತವ್ಯ. ನಮ್ಮಲ್ಲಿ ಬಿದ್ದದ್ದು ಒಂದೇ, ಸ್ರಾವವಿಲ್ಲ.

ಉಳಿದ ಕಾರಣಗಳನ್ನು ಆಕೆ ಒಂದೊಂದಾಗಿ ಎತ್ತಿ ಇಳಿಸಿದ ಕ್ರಮವು ನನಗೆ ಪೂರ್ವಪಕ್ಷಖಂಡನವನ್ನು ಕೇಳಿದಂತಾಯಿತು. ಮೊಟ್ಟೆಯು ಗರ್ಭನಾಳದಲ್ಲಿ ಸಿಕ್ಕಿಕೊಂಡರೆ ಹೆಣ್ಣುಬಾತು ಕಾಲಿಲ್ಲದಂತೆ ಕುಳಿತುಬಿಡುವುದುಂಟು. ಹೊಟ್ಟೆಯನ್ನು ಮೃದುವಾಗಿ ಮುಟ್ಟಿ ನೋಡಿ ಮೊಟ್ಟೆಯಿಲ್ಲವೆಂದರು. ನಿಯಾಸಿನ್ ಎಂಬ ಜೀವಸತ್ತ್ವವು ಬಾತಿನ ಮರಿಗೆ ಕೋಳಿಯ ಮರಿಗಿಂತ ಸುಮಾರು ಎರಡರಷ್ಟು ಬೇಕು. ಕೋಳಿಮರಿಯ ಆಹಾರವನ್ನೇ ಹಾಕಿ ಬೆಳೆಸಿದ ಬಾತಿನ ಮರಿಗಳ ಕಾಲು ಸೊಟ್ಟಗಾಗಿ, ಮೊಣಕಾಲ ಗಂಟು ದಪ್ಪವಾಗಿ, ನಡೆಯಲಾರದೆ ಹೋಗುತ್ತವೆ. ಇದು ಎಷ್ಟೋ ಮನೆಗಳಲ್ಲಿ ಕಾರಣ ತಿಳಿಯದ ಕಾಯಿಲೆಯಾಗಿ ತೋರುವುದಂತೆ. ಕಾಲದಲ್ಲಿ ಅರಿತರೆ ಈಸ್ಟಿನ ಪುಡಿಯಿಂದಲೇ ಗುಣವಾಗುವುದು. ಆದರೆ ಅದು ಮರಿಗಳ ರೋಗ, ನಿಧಾನವಾಗಿ ಬರುವಂಥದು. ಬೆಳ್ಳಿ ಎರಡು ವರ್ಷದವಳು, ಒಂದು ಹಗಲಿನಲ್ಲಿ ಬಿದ್ದವಳು. ಮೊಳೆ, ಸೀಸದ ಚೂರು, ಸತುವಿನ ಲೇಪವುಳ್ಳ ತಂತಿ ಮುಂತಾದುವನ್ನು ಬಾತು ಕಲ್ಲೆಂದು ನುಂಗುವುದು. ಹೊಟ್ಟೆಯೊಳಗಿನ ಅರೆಯುವ ಚೀಲದಲ್ಲಿ ಅವು ದಿನದಿನಕ್ಕೆ ತೇದು ರಕ್ತಕ್ಕೆ ವಿಷವಾಗುವುವು. ಅಂಥ ಹಕ್ಕಿಯು ಸೊರಗಿ ಬೀಳುತ್ತದೆ. ಬೆಳ್ಳಿಯ ಎದೆ ಮಾಂಸದಿಂದ ತುಂಬಿತ್ತು.

ಹಿಂಡಿಯ ಮಾತು ಬಂದಾಗ ನನ್ನ ಮನಸ್ಸು ಅಳುಕಿತು. ನಾವು ಕಡಲೆಕಾಯಿ ಹಿಂಡಿಯನ್ನು ಹಾಕುತ್ತಿದ್ದೆವು. ೧೯೬೦ರಲ್ಲಿ ಇಂಗ್ಲೆಂಡಿನಲ್ಲಿ ಒಂದು ಲಕ್ಷಕ್ಕೂ ಮೇಲ್ಪಟ್ಟು ಟರ್ಕಿಕೋಳಿಗಳು ಕಾರಣ ತಿಳಿಯದೆ ಸತ್ತುವು. ಬಾತಿನ ಮರಿಗಳೂ ಸತ್ತುವು. ಹೆಸರಿಡಲು ಏನೂ ತೋರದೆ ಅಲ್ಲಿಯವರು ಅದಕ್ಕೆ "ಎಕ್ಸ್" ರೋಗವೆಂದು, ನಮ್ಮ ಬೀಜಗಣಿತದ ಯಾವತ್ತಾವತ್ ಎಂಬಂತೆ, ಅಜ್ಞಾತರಾಶಿಯ ಹೆಸರನ್ನಿಟ್ಟರು. ಬ್ರೆಜಿಲ್ ದೇಶದಿಂದ ಬಂದ ಕಡಲೆಕಾಯಿ ಹಿಂಡಿಯಲ್ಲಿ ಬೆಳೆದ ಒಂದು ಬೂಷ್ಟಿನ ವಿಷವೇ ಕಾರಣವೆಂದು ಗೊತ್ತಾಗಿ, ಆಫ್ಲಾಟಾಕ್ಸಿನ್ ಎಂಬ ಹೆಸರು ಆ ಬೂಷ್ಟಿನ ಹೆಸರಿನಿಂದ ಹುಟ್ಟಿತು. ಆ ವಿಷಕ್ಕೆ ಬಾತಿನ ಮರಿಯಷ್ಟು ಬೇಗ ತುತ್ತಾಗುವ ಪ್ರಾಣಿಗಳು ವಿರಳ. ಆದುದರಿಂದಲೇ ಆಹಾರದಲ್ಲಿ ಈ ವಿಷವಿದೆಯೇ ಎಂದು ನೋಡಲು ಒಂದು ದಿನದ ಬಾತಿನ ಮರಿಗಳನ್ನೇ ಬಹುಕಾಲ ಮಾಪಕಗಳಾಗಿ ಬಳಸುತ್ತಿದ್ದರು. ಹಿಂಡಿಯೇ ಕಾರಣವಾಗಿದ್ದರೆ ಬೆಳ್ಳಿಯನ್ನು ಕೆಡವಿದವರು ನಾವೇ ಆಗುತ್ತಿದ್ದೆವು.

ಇಲ್ಲಿ ವೈದ್ಯೆಯು ಒಂದು ಪ್ರಶ್ನೆ ಕೇಳಿದರು: "ಪಂಡಿತರೇ, ಇನ್ನೊಂದು ಬಾತು ಏನು ತಿನ್ನುತ್ತದೆ?" ಬೂದಿ ತಿನ್ನುತ್ತಿದ್ದುದು ಅದೇ ನುಚ್ಚು, ಅದೇ ಹಿಂಡಿ, ಕುಡಿಯುತ್ತಿದ್ದುದು ಅದೇ ಬಾವಿಯ ನೀರು, ಮಲಗುತ್ತಿದ್ದುದು ಅದೇ ಗೂಡಿನ ಪಕ್ಕದಲ್ಲಿ. ಎರಡು ವಾರಗಳಿಂದ ಅವಳು ಮಾಡದೆ ಬೆಳ್ಳಿ ಮಾತ್ರ ಮಾಡಿದ್ದು ಒಂದೇ, ಹಿತ್ತಲಿನ ಗೋಡೆಯಾಚೆ ಮೇಯಲು ಹೋದದ್ದು. ಕಾವು ಕುಳಿತವಳು ದಿನಕ್ಕೊಮ್ಮೆ ಎದ್ದು ಅಂಗಳದಲ್ಲಿಯೇ ತಿಂದು ಮರಳುತ್ತಿದ್ದಳು. ಅನ್ವಯವ್ಯತಿರೇಕಗಳಿಗೆ ಇದಕ್ಕಿಂತ ಚೊಕ್ಕವಾದ ಉದಾಹರಣೆಯನ್ನು ನಾನು ವಿದ್ಯಾರ್ಥಿಗಳಿಗೆ ಎಂದೂ ಕೊಟ್ಟವನಲ್ಲ. ಹಿಂಡಿಯಿದ್ದೂ ರೋಗವಿಲ್ಲ, ಆದುದರಿಂದ ಹಿಂಡಿ ಕಾರಣವಲ್ಲ. "ಹಾಗಾದರೆ ಗೋಡೆಯಾಚೆ ಸತ್ತದ್ದೇನಾದರೂ ಬಿದ್ದಿದೆಯೇ ನೋಡಿ" ಎಂದರು. ಸತ್ತ ಪ್ರಾಣಿಯ ಮಾತು ಈ ಪ್ರಕರಣಕ್ಕೆ ಹೇಗೆ ಬಂದಿತೆಂದು ನನಗೆ ಅರ್ಥವಾಗಲಿಲ್ಲ, ಕೇಳಲು ಸಂಕೋಚವಾಯಿತು.

ಗೋಡೆಯಾಚೆ ಹಿಂದಿನವರು ಗೊಬ್ಬರಕ್ಕೆ ನೀರು ಬಿಡಲು ಕಟ್ಟಿಸಿದ್ದ ಪಾಳು ತೊಟ್ಟಿಯೊಂದಿದೆ. ಮೊದಲ ಮಳೆ ಬಿದ್ದು ಒಂದು ಗೇಣು ನೀರು ನಿಂತಿತ್ತು. ಮೇಲೆ ವೈಶಾಖದ ಬಿಸಿಲು. ಅದರ ಅಂಚಿನಲ್ಲಿ ಒಂದು ಹೆಗ್ಗಣ ಸತ್ತು ಊದಿ ಒಡೆದು ಬಿದ್ದಿತ್ತು, ಮೈಯೆಲ್ಲ ನೊಣದ ಹುಳುಗಳು ಮಿಜಿಮಿಜಿಯೆನ್ನುತ್ತಿದ್ದುವು. ಸುತ್ತಲಿನ ಕೆಸರಿನಲ್ಲಿ ಬಾತಿನ ಹೆಜ್ಜೆಗಳು ಸ್ಪಷ್ಟವಾಗಿ ಮೂಡಿದ್ದುವು.

ಈ ಮೂರರ ಸಂಬಂಧವನ್ನು ಈಗ ವಿವರಿಸಬೇಕು. ಮಣ್ಣಿನಲ್ಲಿಯೂ ಕೆರೆಯ ಕೆಸರಿನಲ್ಲಿಯೂ ಒಂದು ಸೂಕ್ಷ್ಮಜೀವಿಯ ಬೀಜಾಣುಗಳು ವರ್ಷಗಟ್ಟಲೆ ಸುಮ್ಮನೆ ಬಿದ್ದಿರುತ್ತವೆ. ಗಾಳಿಯಿರುವಲ್ಲಿ ಅವು ಮೊಳೆಯುವುದಿಲ್ಲ. ಗಾಳಿಯಿಲ್ಲದ, ಬೆಚ್ಚಗಿನ, ಮಾಂಸಸತ್ತ್ವವುಳ್ಳ ಎಡೆಯೊಂದು ದೊರೆತರೆ, ಎಂದರೆ ಬೇಸಗೆಯಲ್ಲಿ ಕೊಳೆಯುತ್ತಿರುವ ಹೆಣದ ಒಡಲು ದೊರೆತರೆ, ಮೊಳೆತು ಬೆಳೆದು ಬಾಟುಲಿನಮ್ ಎಂಬ ವಿಷವನ್ನು ಹುಟ್ಟಿಸುತ್ತವೆ. ನೊಣದ ಹುಳುಗಳು ಆ ಮಾಂಸವನ್ನು ತಿಂದು ವಿಷವನ್ನು ತಮ್ಮೊಳಗೆ ಕೂಡಿಟ್ಟುಕೊಳ್ಳುತ್ತವೆ. ಅವುಗಳಿಗೆ ಅದರಿಂದ ಬಾಧೆಯಿಲ್ಲ. ಬಾತಿಗಾದರೋ ಹುಳುವೆಂದರೆ ಮೃಷ್ಟಾನ್ನ. ಅಂಥ ಮೂರು ನಾಲ್ಕು ಹುಳುಗಳೇ ಒಂದು ಬಾತನ್ನು ಕೆಡವಲು ಸಾಕು. ಕೆರೆಗಳಲ್ಲಿ ಹೀಗೆ ಬಿದ್ದ ಬಾತು ಸತ್ತು ಅದರ ಹೆಣದಲ್ಲಿ ಮತ್ತೆ ಹುಳುಗಳು ಹುಟ್ಟಿ, ಅವನ್ನು ಹತ್ತು ಬಾತುಗಳು ತಿಂದು, ಒಂದು ಹೆಣವು ನೂರಾಗುವುದು. ನೀರಕ್ಷೀರವಿವೇಕವನ್ನು ಹಂಸಕ್ಕೆ ಕೊಟ್ಟ ಬ್ರಹ್ಮನು ಹುಳು ಹುಳುವಿಗೆ ಭೇದವನ್ನು ಬಾತಿಗೆ ತಿಳಿಸಲಿಲ್ಲ.

ಸಂಪ್ರಾಪ್ತಿಯು ಹೀಗೆ. ನರದ ಕೊನೆಯಿಂದ ಮಾಂಸಖಂಡಕ್ಕೆ ಆಜ್ಞೆಯನ್ನು ಒಯ್ಯುವುದು ಅಸಿಟೈಲ್‌ಕೋಲೀನ್ ಎಂಬ ದ್ರವ್ಯ. ಈ ವಿಷವು ನರದ ತುದಿಯನ್ನು ಹೊಕ್ಕು ಆ ದ್ರವ್ಯವು ಹೊರಬೀಳದಂತೆ ತಡೆಯುತ್ತದೆ. ರಾಜನು ಎಚ್ಚತ್ತಿದ್ದಾನೆ, ಆಜ್ಞೆ ಹೊರಟಿದೆ, ಕೋಟೆಯ ಬಾಗಿಲಲ್ಲಿ ದೂತನನ್ನು ಹಿಡಿದಿಟ್ಟಿದ್ದಾರೆ. ಮೊದಲು ಕಾಲು, ಅನಂತರ ರೆಕ್ಕೆ, ರೆಪ್ಪೆ, ಕತ್ತು. ಕಡೆಯಲ್ಲಿ ಉಸಿರಾಟದ ಮಾಂಸಗಳು. ಬೆಳ್ಳಿಯ ಕಣ್ಣು ಮಗುವಿನ ಕಡೆಗೆ ತಿರುಗುತ್ತಿದ್ದುದು ನಮ್ಮ ಭ್ರಮೆಯಲ್ಲ. ಅವಳಿಗೆ ಎಲ್ಲವೂ ಕೇಳಿಸುತ್ತಿತ್ತು, ಕಾಣಿಸುತ್ತಿತ್ತು, ನನ್ನ ಹಂಡೆಯ ನೀರೂ ಸಹ.

ಮನುಷ್ಯರಿಗೆ ಬರುವ ಇದರ ಸೋದರರೋಗವನ್ನು ಮೊದಲು ವಿವರವಾಗಿ ವರ್ಣಿಸಿದವನು ಜರ್ಮನಿಯ ವೈದ್ಯನೂ ಕವಿಯೂ ಆದ ಯುಸ್ಟಿನುಸ್ ಕೆರ್ನರ್, ೧೮೨೦ ಮತ್ತು ೧೮೨೨ರಲ್ಲಿ. ಕೆಟ್ಟ ಮಾಂಸದ ತೀಡಿಕೆಗಳನ್ನು, ಎಂದರೆ ಕರುಳಿನಲ್ಲಿ ತುಂಬಿಟ್ಟ ಮಾಂಸವನ್ನು, ತಿಂದವರಿಗೆ ಬರುತ್ತಿದ್ದುದರಿಂದ ಲ್ಯಾಟಿನಿನಲ್ಲಿ ಆ ತಿನಿಸಿನ ಹೆಸರಾದ "ಬಾಟುಲಸ್" ಎಂಬುದೇ ರೋಗಕ್ಕೆ ಅಂಟಿತು. ಸೂಕ್ಷ್ಮಜೀವಿಯನ್ನು ಬೆಲ್ಜಿಯಮಿನ ವಾನ್ ಎರ್ಮೆಂಗೆಮ್ ಕಂಡುಹಿಡಿದು ೧೮೯೭ರಲ್ಲಿ ಪ್ರಕಟಿಸಿದನು. ಪಕ್ಷಿಗಳನ್ನು ಬಾಧಿಸುವ "ಸಿ" ಎಂಬ ಭೇದವನ್ನು ೧೯೨೨ರಲ್ಲಿ ಅಮೆರಿಕೆಯಲ್ಲಿ ಇಡಾ ಬೆಂಗ್ಟ್‌ಸನ್ ಎಂಬ ವಿದುಷಿಯು ನೊಣದ ಹುಳುಗಳಿಂದಲೇ ಬೇರ್ಪಡಿಸಿದಳು. ಈ ಭೇದವು ಮನುಷ್ಯರಿಗೆ ತಗಲುವುದು ಅತ್ಯಂತ ವಿರಳ. ಮನೆಯಲ್ಲಿ ಮಗುವಿರುವವರಿಗೆ ಇದನ್ನು ತಿಳಿದುಕೊಂಡಿರುವುದು ಸಮಾಧಾನಕರ.

ಇಷ್ಟು ತಿಳಿದಿದ್ದೂ ಬಾತಿನ ರೋಗವು ಬಾಟುಲಿಸಮ್ ಎಂದು ಗೊತ್ತಾಗಲು ತಡವಾದ ಕಥೆಯೇ ನನ್ನನ್ನು ಈ ಲೇಖನಕ್ಕೆ ಹಚ್ಚಿದುದು. ಅಮೆರಿಕೆಯ ಯೂಟಾ ಪ್ರಾಂತದಲ್ಲಿ ದೊಡ್ಡ ಉಪ್ಪುಕೆರೆಯೆಂದು ಪ್ರಸಿದ್ಧವಾದ ಸರೋವರವುಂಟು. ಅದಕ್ಕೆ ಬೇರ್ ನದಿ ಬಂದು ಸೇರುವ ಜೌಗಿನಲ್ಲಿ ೧೯೧೦ರಲ್ಲಿ ಲಕ್ಷಗಟ್ಟಲೆ ಬಾತುಗಳು ಸತ್ತುವು. ಕಾಲು ಬಿದ್ದು, ರೆಕ್ಕೆ ಬಿದ್ದು, ಕತ್ತು ಬಿದ್ದು ಮುಳುಗಿದುವು. ಕಾರಣ ತಿಳಿಯದೆ ಅದನ್ನು ಪಶ್ಚಿಮದ ಬಾತುರೋಗವೆಂದು ಕರೆದರು. ೧೯೧೪ರಿಂದ ಅಲೆಗ್ಸಾಂಡರ್ ವೆಟ್‌ಮೋರ್ ಎಂಬ ಪಕ್ಷಿಶಾಸ್ತ್ರಜ್ಞನು ಆ ಜೌಗಿನಲ್ಲಿಯೇ ನೆಲೆನಿಂತು ಪರೀಕ್ಷಿಸಿದನು. ಬಿದ್ದ ಬಾತುಗಳನ್ನು ಹಿಡಿದುತಂದು ಸಿಹಿನೀರು ಕೊಟ್ಟರೆ ಬಹುಪಾಲು ಗುಣಹೊಂದುತ್ತಿದ್ದುವು. ಬತ್ತುತ್ತಿರುವ ಜೌಗಿನ ನೀರಿನಲ್ಲಿ ಕ್ಷಾರಲವಣಗಳು ಹೆಚ್ಚಾಗಿದ್ದುವು. ಆ ಲವಣಗಳನ್ನು ಬಾತುಗಳಿಗೆ ತಿನ್ನಿಸಿ ನೋಡಿದಾಗ ಅಂಥವೇ ಚಿಹ್ನೆಗಳು ತೋರಿದುವು. ಆದುದರಿಂದ ಲವಣವೇ ವಿಷವೆಂದು ಅವನು ನಿರ್ಣಯಿಸಿದನು; ೧೯೧೫ ಮತ್ತು ೧೯೧೮ರ ಅವನ ಗ್ರಂಥಗಳನ್ನು ಹನ್ನೆರಡು ವರ್ಷ ಎಲ್ಲರೂ ಪ್ರಮಾಣವೆಂದು ಒಪ್ಪಿದರು.

೧೯೩೦ರಲ್ಲಿ ಕಾಲ್ಮ್‌ಬಾಕ್ ಎಂಬವನೂ, ಬೇರೆಯಾಗಿ ಗಿಲ್ಟ್‌ನರ್ ಮತ್ತು ಕೌಚ್ ಎಂಬವರೂ, ಈ ರೋಗವು ಬಾಟುಲಿಸಮ್ ಎಂದು ತೋರಿಸಿಕೊಟ್ಟರು. ಇಲ್ಲಿ ನಮ್ಮ ವಿಚಾರಕ್ಕೆ ಬೇಕಾದ ಅಂಶವೊಂದಿದೆ. ವೆಟ್‌ಮೋರನ ಉಪಶಯ ಸುಳ್ಳಲ್ಲ. ಸಿಹಿನೀರು ನಿಜವಾಗಿಯೂ ಬಾತುಗಳನ್ನು ಬದುಕಿಸುತ್ತಿತ್ತು, ಇಂದಿಗೂ ಬದುಕಿಸುತ್ತದೆ. ಆದರೆ ಸಿಹಿನೀರಿನಿಂದ ಗುಣವಾಯಿತೆಂಬುದರಿಂದ ಉಪ್ಪುನೀರೇ ಕಾರಣವೆಂದು ಹೇಳುವುದು ಒಂದು ಹೆಜ್ಜೆ ಹಾರಿದಂತೆ. ಸಿಹಿನೀರಿಗೆ ತಂದಾಗ ಬಾತು ಹುಳುವಿನಿಂದಲೂ ದೂರವಾಯಿತು, ಬಾಯಾರಿಕೆಯಿಂದಲೂ ಬಿಡುಗಡೆ ಹೊಂದಿತು, ಮುಳುಗುವ ಭಯವೂ ತಪ್ಪಿತು. ಮೂರು ನಾಲ್ಕು ಸಂಗತಿಗಳು ಒಟ್ಟಿಗೆ ಬದಲಾದಾಗ ಫಲವನ್ನು ಒಂದರ ಲೆಕ್ಕಕ್ಕೆ ಬರೆಯಲಾಗದು. ನೈಯಾಯಿಕರು ಅನ್ಯಥಾಸಿದ್ಧವೆಂದು ಹೇಳುವುದು ಇದನ್ನೇ: ಮಡಕೆ ಹುಟ್ಟುವೆಡೆಯಲ್ಲಿ ಮಣ್ಣು ಹೊತ್ತ ಕತ್ತೆಯೂ ನಿಂತಿರುತ್ತದೆ, ಕತ್ತೆಯು ಮಡಕೆಗೆ ಕಾರಣವಲ್ಲ. ಉಪಶಯವೊಂದರಿಂದಲೇ ನಿದಾನವನ್ನು ಸ್ಥಾಪಿಸಬಹುದೆಂದು ರಾತ್ರಿ ಗ್ರಂಥ ಹಿಡಿದು ಕುಳಿತಿದ್ದ ನನಗೆ, ಪರದೇಶದ ಆ ವಿದ್ವಾಂಸನ ತಪ್ಪು ನನ್ನ ತಪ್ಪೇ ಆಗಿ ಕಂಡಿತು. ವ್ಯತಿರೇಕವಿಲ್ಲದ ಅನ್ವಯ ಎರಡು ಕಡೆಯೂ ಒಂದೇ.

ಹಾಗೆಂದು ಅವನನ್ನು ಹಳಿಯುವುದೂ ನ್ಯಾಯವಲ್ಲ. ಕತ್ತೆಗೂ ಸ್ವಲ್ಪ ಪಾಲುಂಟೆಂದು ಮುಂದೆ ತಿಳಿಯಿತು. ನೀರಹಕ್ಕಿಗಳ ಕಣ್ಣಿನ ಮೇಲ್ಭಾಗದಲ್ಲಿ ಹೆಚ್ಚಾದ ಉಪ್ಪನ್ನು ಹೊರಹಾಕುವ ಗ್ರಂಥಿಯಿದೆ. ಈ ವಿಷವು ಅದನ್ನೂ ಕೆಡಿಸುವುದರಿಂದ ಉಪ್ಪುನೀರಿನಲ್ಲಿರುವ ರೋಗಿಬಾತು ಸಿಹಿನೀರಿನಲ್ಲಿರುವುದಕ್ಕಿಂತ ಬೇಗ ಸಾಯುತ್ತದೆಂದು ೧೯೬೪ರಲ್ಲಿ ಕೆನಡಾದ ಕೂಚ್ ತೋರಿಸಿದನು. ಲವಣವು ಕಾರಣವಲ್ಲ, ಸಹಕಾರಿ. ನಮ್ಮ ದೇಶದ ಉಪ್ಪುಕೆರೆಯಾದ ರಾಜಸ್ಥಾನದ ಸಾಂಭರದಲ್ಲಿ ೨೦೧೯ರ ನವೆಂಬರಿನಲ್ಲಿ ವಲಸೆಯ ಬಾತುಗಳೂ ಮೆಟ್ಟುಗಾಲುಹಕ್ಕಿಗಳೂ ಸೇರಿ ೧೮,೦೦೦ಕ್ಕೂ ಹೆಚ್ಚು ಹಕ್ಕಿಗಳು ಸತ್ತಾಗ, ಬರೇಲಿಯ ಪಶುವೈದ್ಯ ಸಂಶೋಧನಾಲಯವು ಬಾಟುಲಿಸಮ್ ಎಂದು ನಿರ್ಣಯಿಸಿತು. ಅಲ್ಲಿಯೂ ಮೊದಲ ದಿನಗಳಲ್ಲಿ ಜನರು ನೀರಿನ ವಿಷವನ್ನೇ ಶಂಕಿಸಿದ್ದರು.

ಇನ್ನು ಬೆಳ್ಳಿಯ ಶುಶ್ರೂಷೆ. ಪ್ರತಿವಿಷವೊಂದುಂಟು, ಆದರೆ ತಾಲ್ಲೂಕಿನ ವೈದ್ಯಶಾಲೆಯಲ್ಲಿ ದೊರೆಯುವಂಥದಲ್ಲ. ವೈದ್ಯೆಯು ಸಣ್ಣ ನಳಿಗೆಯನ್ನು ಅನ್ನನಾಳಕ್ಕೆ ಇಳಿಸಿ ನೀರನ್ನೂ, ಔಷಧಕ್ಕೆಂದು ಸಿದ್ಧಪಡಿಸಿದ ಇದ್ದಿಲ ಪುಡಿಯನ್ನೂ ಕೊಟ್ಟು, ನಳಿಗೆಯ ಕೆಲಸವನ್ನು ಮನೆಯಲ್ಲಿ ಮಾಡತಕ್ಕದ್ದಲ್ಲವೆಂದು ಎಚ್ಚರಿಸಿದರು. ಹಕ್ಕಿಯ ಶ್ವಾಸನಾಳದ ಬಾಯಿ ನಾಲಗೆಯ ಬುಡದಲ್ಲಿಯೇ ತೆರೆದಿದೆ. ನುಂಗಲು ಶಕ್ತಿಯಿಲ್ಲದ ಬಾತಿನ ಬಾಯಿಗೆ ನೀರು ಸುರಿದರೆ ಅದು ನೇರವಾಗಿ ಎದೆಗೆ ಹೋಗುವುದು. ಬೆಳಗ್ಗೆ ಸಂಜೆ ವೈದ್ಯಶಾಲೆಗೆ ಒಯ್ದು ನೀರು ಹೊಯ್ಯಿಸಿಕೊಂಡು ಬರುತ್ತಿದ್ದೆವು. ಮನೆಯಲ್ಲಿ ಮಾಡಿದ್ದು ಇಷ್ಟು: ನೆರಳಿನ ಕೋಣೆಯಲ್ಲಿ ಒಣಹುಲ್ಲು ಹಾಸಿ, ನೀರು ಹೊರುವ ಹೆಂಗಸರು ತಲೆಗಿಟ್ಟುಕೊಳ್ಳುವಂಥ ಸಿಂಬೆಯೊಂದನ್ನು ಹಳೆಯ ಪಂಚೆಯಿಂದ ಸುತ್ತಿ, ಅದರ ಮೇಲೆ ಕತ್ತನ್ನು ಎತ್ತರಿಸಿ ಇಟ್ಟೆವು. ಎರಡು ಮೂರು ಗಂಟೆಗೊಮ್ಮೆ ಮಗ್ಗುಲು ಬದಲಿಸಿದೆವು. ರೆಪ್ಪೆ ಆಡದ ಕಣ್ಣು ಒಣಗದಂತೆ ಶುದ್ಧವಾದ ನೀರಿನಲ್ಲಿ ಅದ್ದಿದ ಅರಳೆಯಿಂದ ಒದ್ದೆಮಾಡಿದೆವು. ಹಿಂಭಾಗಕ್ಕೆ ಅಂಟಿದ ಮಲವನ್ನು ತೊಳೆದು ನೊಣ ಕೂರದಂತೆ ನೋಡಿಕೊಂಡೆವು. ಸ್ನಾನದ ಹಂಡೆಯನ್ನು ಆ ಕೋಣೆಯ ಹತ್ತಿರಕ್ಕೂ ಬಿಡಲಿಲ್ಲ. ಹೆಗ್ಗಣವನ್ನೂ ಹುಳುಗಳನ್ನೂ ಕ್ಷೌಮವಸ್ತ್ರದವನು ಮುಟ್ಟಬಾರದೆಂದು ಯಾರಾದರೂ ಹೇಳಿಯಾರೆಂದು ನಾನೇ ಗುಂಡಿ ತೋಡಿ, ಸೌದೆಯಿಟ್ಟು ಸುಟ್ಟು, ಮೇಲೆ ಆಳವಾಗಿ ಮಣ್ಣು ಮುಚ್ಚಿದೆನು.

ಮೂರನೆಯ ದಿನ ಕಣ್ಣಿನ ಪೊರೆ ಹಿಂದೆ ಸರಿಯಿತು. ನಾಲ್ಕನೆಯ ದಿನ ಮಗುವು ಕರೆದಾಗ ಕತ್ತು ಒಂದು ಬೆರಳಿನಷ್ಟು ಎದ್ದು ಮತ್ತೆ ಸಿಂಬೆಯ ಮೇಲೆ ಬಿದ್ದಿತು. ಆ ಬೆರಳಿನಷ್ಟು ಎತ್ತರವನ್ನು ನೋಡಲು ಮನೆಮಂದಿಯೆಲ್ಲ ಕೋಣೆಗೆ ಬಂದರು. ಆರನೆಯ ದಿನ ತಾನಾಗಿ ನೀರು ಕುಡಿದಳು. ಒಂಬತ್ತನೆಯ ದಿನ ಎದ್ದು, ಮುಗ್ಗರಿಸಿ, ಎದ್ದು, ಕೊಟ್ಟಿಗೆಯವರೆಗೆ ನಡೆದು ಬೂದಿಯ ಪಕ್ಕದಲ್ಲಿ ಕುಳಿತಳು. ಬೂದಿ ಅವಳನ್ನು ಕೊಕ್ಕಿನಿಂದ ಕುಕ್ಕಿ ಓಡಿಸಿದಳು.

ಒಂದು ಮಾತನ್ನು ಸ್ಪಷ್ಟಪಡಿಸಬೇಕು. ಬೆಳ್ಳಿಯ ರಕ್ತವನ್ನು ಪ್ರಯೋಗಶಾಲೆಗೆ ಕಳುಹಿಸಿ ವಿಷವನ್ನು ಸಿದ್ಧಪಡಿಸಿದ್ದಲ್ಲ. ರೂಪ, ನಿದಾನ, ಉಪಶಯ, ಬೂದಿಯ ವ್ಯತಿರೇಕ ಇವು ನಾಲ್ಕೂ ಒಂದೇ ಕಡೆಗೆ ಬೆರಳು ತೋರಿಸಿದುವು, ಅಷ್ಟು ಮಾತ್ರ. ವೆಟ್‌ಮೋರನಿಗೂ ಎಲ್ಲವೂ ಒಂದೇ ಕಡೆಗೆ ತೋರಿದಂತೆ ಇದ್ದಿತೆಂಬುದನ್ನು ನಾನು ಮರೆತಿಲ್ಲ. ಆದುದರಿಂದ ಇದನ್ನು ಅನುಮಾನವೆಂದೇ ಬರೆದಿದ್ದೇನೆ, ಪ್ರತ್ಯಕ್ಷವೆಂದಲ್ಲ.

ಪಾಳು ತೊಟ್ಟಿಯನ್ನು ಮಣ್ಣು ಹಾಕಿಸಿ ತುಂಬಿಸಿದ್ದಾಯಿತು. ಗೋವೈದ್ಯದಲ್ಲಿಯಾಗಲಿ, ಮನೆತನಗಳಲ್ಲಿ ಉಳಿದಿರುವ ಹಸ್ತಪ್ರತಿಯ ವೈದ್ಯಸಂಗ್ರಹಗಳಲ್ಲಿಯಾಗಲಿ, ಕೋಳಿ ಬಾತುಗಳ ಕತ್ತು ಬೀಳುವ ರೋಗಕ್ಕೆ ಹೆಸರನ್ನೋ ಚಿಕಿತ್ಸೆಯನ್ನೋ ಯಾರಾದರೂ ಕಂಡಿದ್ದರೆ, ಓಲೆಯ ಸಂಖ್ಯೆಯೊಡನೆ ಈ ಪತ್ರಿಕೆಯ ಮೂಲಕ ತಿಳಿಸುವುದಾದರೆ ಉಪಕೃತನಾಗುವೆನು.